ಎಡಗಡೆ ಮೂಲ್ಯಾಗ ನಿಂತಾವ

ಕಬಡ್ಡಿಯಲ್ಲಿ ದಾಳಿಗೆ ಹೋದವನು ಯಾರನ್ನೂ ಮುಟ್ಟದೆ, ಬೋನಸ್ಸನ್ನೂ ತಗೊಳ್ಳದೆ ವಾಪಸ್ ಬಂದರೆ ಟಿವಿಯವರು ಅದಕ್ಕೆ ‘ಎಂಪ್ಟಿ ರೈಡ್’ ಅಂತಾರೆ. ಕನ್ನಡ ಕಾಮೆಂಟರಿಯಲ್ಲೂ ಅದೇ ಮಾತು, ಬೇಕಾದರೆ ‘ಖಾಲಿ’ ಅಂತ ಒಂದು ಪದ ಸೇರಿರ್ತದೆ. ನನ್ನ ತಕರಾರು ಈ ಪದದಿಂದಲೇ ಶುರು. ಖಾಲಿ ಯಾರಿಗೆ? ಹೋಗಿ ಬಂದವನಿಗೆ. ಎದುರು ನಿಂತ ಏಳು ಮಂದಿಗೆ ಅದು ಖಾಲಿ ಹೆಂಗಾಗ್ತದೆ? 30 ಸೆಕೆಂಡು ಕೈ ಕೈ ಹಿಡಿದು, ಮುಂದೆ ಬಂದು, ಹಿಂದೆ ಸರಿದು, ಆಸೆ ತೋರಿಸಿ, ಕಾಲು ಕೊಟ್ಟಂಗ ಮಾಡಿ ಎಳಕೊಂಡು ಅವನನ್ನು ಬರಿಗೈಲೆ ವಾಪಸ್ ಕಳಿಸಿರ್ತಾರೆ. ಅವರ ಲೆಕ್ಕದಲ್ಲಿ ಅದು ತುಂಬಿದ 30 ಸೆಕೆಂಡು.

ಈ ಪ್ರಶ್ನೆ ನನ್ನದಲ್ಲ, ನಮ್ಮ ದೋಸ್ತಂದು. ಪಿಯುಸಿಯಲ್ಲಿ ಒಂದೇ ರೂಮಿನಲ್ಲಿ ಎರಡು ವರ್ಷ ಉಂಡು ಮಲಗಿದವರು ನಾವು. ನಾನು ಬಿ.ಇ. ಮಾಡಿ ಕಂಪ್ಯೂಟರ್ ಮುಂದೆ ಕೂತೆ, ಅಂವ ಊರಿಗೆ ಹೋಗಿ ಕಬ್ಬಿನ ಹೊಲದಾಗ ನಿಂತ. ಕಾಲೇಜು ಟೀಮಿನಲ್ಲಿ ಅವನು ಲೆಫ್ಟ್ ಕಾರ್ನರ್, ಅಂದರೆ ಎಡಗಡೆ ಮೂಲಿ. ನಾನು ಟೀಮಿನ ನೀರಿನ ಬಾಟಲಿ ಹಿಡಿಯುವ ಹುಡುಗ. ಆ ಹುದ್ದೆಗೆ ಯಾವ ಪೈಪೋಟಿಯೂ ಇರಲಿಲ್ಲ.

2024ರ ಡಿಸೆಂಬರ್ ಕೊನೆಯ ವಾರ. ಅಮೆರಿಕದ ಕ್ಲೈಂಟ್‌ಗಳಿಗೆಲ್ಲ ಕ್ರಿಸ್‌ಮಸ್ ರಜೆ, ಹಂಗಾಗಿ ನಮಗೂ ಉಸಿರು. ರಾಯಬಾಗದ ಮನೆಗೆ ಬಂದಿದ್ದೆ. ಪ್ರೊ ಕಬಡ್ಡಿ ಹನ್ನೊಂದನೇ ಸೀಸನ್ನಿನ ಎರಡು ಸೆಮಿಫೈನಲ್ 27ರ ಶುಕ್ರವಾರ, ಫೈನಲ್ 29ರ ಭಾನುವಾರ, ಎಲ್ಲ ಪುಣೆಯ ಬಾಲೇವಾಡಿಯಲ್ಲಿ. ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಪುಣೆ, ಹೋಗೋಣೇನಲೇ ಅಂತ ಕೇಳಿದೆ. “ಸೋಮವಾರ ಕಬ್ಬು ಕಡಿಯಾಕ ಗ್ಯಾಂಗ್ ಬರತೈತಿ. ಅವರು ಬಂದಾಗ ನಾ ಹೊಲದಾಗ ಇರಲಿಲ್ಲಂದ್ರ ಮುಂದಿನವನ ಹೊಲಕ್ಕ ಹೊಕ್ಕಾರ. ಟಿವ್ಯಾಗs ನೋಡೂಣು, ನಿಮ್ಮನಿಗೇ ಬರ್ತೀನಿ” ಅಂದ. ಬಂದ, ಒಂದು ಚೀಲ ಶೇಂಗಾ ಹೊತ್ತುಕೊಂಡು. ಮೂರು ದಿನ ನಮ್ಮವ್ವನ ರೊಟ್ಟಿ, ಝುಣಕ, ಮೊಸರು. ಸಂಜೆಗೆ ಮಿರ್ಚಿ ಭಜಿ. ಬೆಂಗಳೂರು ಬುಲ್ಸ್ ಆ ಸಲ 22 ಪಂದ್ಯದಲ್ಲಿ ಎರಡೇ ಗೆದ್ದು ಎಲ್ಲರಿಗಿಂತ ಕೆಳಗೆ ಕೂತಿತ್ತು. ನಮ್ಮ ಪಕ್ಷ ಅಂತ ಯಾವುದೂ ಉಳಿದಿರಲಿಲ್ಲ. ಆಟವನ್ನಷ್ಟೇ ನೋಡಲಿಕ್ಕೆ ಇದಕ್ಕಿಂತ ಒಳ್ಳೆ ಸ್ಥಿತಿ ಬೇರೆ ಇಲ್ಲ.

ಶುಕ್ರವಾರ ಮೊದಲ ಸೆಮಿಫೈನಲ್: ಹರಿಯಾಣ ಸ್ಟೀಲರ್ಸ್ 28, ಯುಪಿ ಯೋಧಾಸ್ 25. ಎರಡನೆಯದು: ಪಟ್ನಾ ಪೈರೇಟ್ಸ್ 32, ದಬಂಗ್ ದೆಹಲಿ 28. ಅಂಕಗಳು ಹರಿದು ಬರುವ ಆಟಗಳಲ್ಲ ಇವು. ನಾನು ರೈಡರ್‌ನನ್ನು ನೋಡ್ತಾ ಇದ್ದೆ. ಪಕ್ಕದಲ್ಲಿದ್ದವನು ಟಿವಿಯ ಇನ್ನೊಂದು ಅಂಚಿಗೆ ಕಣ್ಣು ನೆಟ್ಟಿದ್ದ. ರೈಡರ್ ಮುಟ್ಟಿ ಓಡಿದಾಗ ಇವನು ರೈಡರ್‌ಗೆ ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ; “ಕವರ್ ತಡಾ ಮಾಡಿದ ನೋಡಲೇ” ಅಂತಿದ್ದ. ಅಷ್ಟರಲ್ಲಿ ಟಿವಿಯಲ್ಲಿ ರೈಡರ್ ತೊಡೆ ತಟ್ಟುವುದನ್ನು ನಿಧಾನಗತಿಯಲ್ಲಿ ಎರಡು ಕೋನದಿಂದ ತೋರಿಸುತ್ತಿದ್ದರು.

ಇಲ್ಲಿ ಸ್ವಲ್ಪ ಆಟದ ಒಳಗೆ ಹೋಗಬೇಕು, ಇಲ್ಲದಿದ್ದರೆ ನನ್ನ ದೂರು ಬರೀ ಗೊಣಗಾಟ ಆಗ್ತದೆ. ಅಂಕಣದ ಅರ್ಧ ಭಾಗ 6.5 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಜಾಗದಲ್ಲಿ ಏಳು ಮಂದಿ. ಎರಡು ಮೂಲೆಗೆ ಇಬ್ಬರು ಕಾರ್ನರ್, ಅವರ ಪಕ್ಕ ಕೈ ಹಿಡಿದವರು, ಒಳಗೆ ಎರಡು ಕವರ್, ನಡುವೆ ಒಬ್ಬ. ಹೆಚ್ಚಿನ ರೈಡರ್‌ಗಳು ಬಲಗೈಯವರು. ಅವರ ಬಲ ಅಂದರೆ ಎದುರು ನಿಂತವರ ಎಡ. ಹಂಗಾಗಿ ದಾಳಿಯ ಭಾರ ಜಾಸ್ತಿ ಬೀಳುವುದು ಎಡಗಡೆ ಮೂಲೆಯ ಮೇಲೆ. ಅವನ ಕೆಲಸ ಕಾಲು ಹಿಡಿಯುವುದು ಅಂತ ಟಿವಿ ನೋಡಿದವರಿಗೆಲ್ಲ ಗೊತ್ತು. ಗೊತ್ತಾಗದೆ ಉಳಿಯುವುದು, ಹಿಡಿಯುವ ಮೊದಲು ಅವನು ಮಾಡುವ ಹತ್ತು ಸಣ್ಣ ಕೆಲಸ. ಅರ್ಧ ಹೆಜ್ಜೆ ಮುಂದೆ ಬಂದು ರೈಡರ್‌ಗೆ ‘ಇಂವ ಸಿಗತಾನ’ ಅನ್ನೋ ಆಸೆ ಹುಟ್ಟಿಸುವುದು. ಬೋನಸ್ ಗೆರೆಯ ಕಡೆ ಅವನ ಕಾಲು ಬರುವಂತೆ ಜಾಗ ಬಿಡುವುದು. ಕೈ ಹಿಡಿದವನ ಬೆರಳನ್ನು ಒತ್ತಿ ‘ಈಗ ಬ್ಯಾಡ’ ಅಂತ ಹೇಳುವುದು. ಇಡೀ ಸಂಭಾಷಣೆ ಬೆರಳಿನಲ್ಲೇ ನಡೀತದೆ ಅಂತ ದೋಸ್ತ ಹೇಳಿದ. ನೀರಿನ ಬಾಟಲಿ ಹಿಡಿದು ಗೆರೆ ಪಕ್ಕದಲ್ಲೇ ನಿಂತಿದ್ದರೂ ಈ ಬೆರಳಿನ ಸುದ್ದಿ ನನ್ನ ಕಿವಿಗೆ ಯಾರೂ ಹಾಕಿರಲಿಲ್ಲ.

ಈಗ ಟಿವಿಗೆ ಬನ್ನಿ. ನಿಯಮದ ಪ್ರಕಾರ ಒಂದು ದಾಳಿ ಮುಗಿದ ಐದು ಸೆಕೆಂಡಿನೊಳಗೆ ಮುಂದಿನ ದಾಳಿಗೆ ಹೋಗಬೇಕು. ಕ್ರಿಕೆಟ್‌ನಂತೆ ಬೌಲರ್ ನಡೆದುಕೊಂಡು ಹೋಗುವ ಸಮಯ ಇಲ್ಲಿಲ್ಲ. ಹಿಂದಿನ ದಾಳಿಯ ರಿಪ್ಲೇ ತೋರಿಸಬೇಕೆಂದರೆ ಮುಂದಿನ ದಾಳಿಯ ತಲೆಯನ್ನು ಕತ್ತರಿಸಲೇಬೇಕು. ಪ್ರಸಾರ ಮಾಡುವವರ ಕಷ್ಟ ನನಗೆ ಅರ್ಥ ಆಗ್ತದೆ. ಆದರೆ ಪ್ರತಿ ಸಲ ಕತ್ತರಿ ಬೀಳುವುದು ಏಳು ಮಂದಿ ತಮ್ಮ ಜಾಗ ಹಿಡಿಯುವ, ಯಾರ ಕೈ ಯಾರು ಹಿಡಿಯಬೇಕೆಂದು ತೀರ್ಮಾನ ಆಗುವ ಹೊತ್ತಿಗೇ. ನಾವು ದಾಳಿಯೊಳಗೆ ಕಾಲಿಡುವಾಗ ಅರ್ಧ ಕತೆ ಮುಗಿದಿರ್ತದೆ. ಆಮೇಲೆ ಕಾಣುವುದು ಒಬ್ಬ ಹಾರಿದ, ಒಬ್ಬ ಬಿದ್ದ, ಅಷ್ಟೇ. ನಮ್ಮ ಕಣ್ಣಿಗೆ ಕಬಡ್ಡಿ ಅಂದರೆ ಒಬ್ಬ ಹೀರೋ, ಏಳು ಮಂದಿ ಫೈಟ್ ಮಾಸ್ಟರ್ ಕಳಿಸಿದ ಹುಡುಗರು ಅನ್ನುವಂತಾಗಿದ್ದರೆ ತಪ್ಪು ನಮ್ಮದಲ್ಲ.

ಕೆಲವು ವರ್ಷದ ಹಿಂದೆ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದೆ. ಮಾರ್ಚ್ ತಿಂಗಳು. ಅಲ್ಲಿ ಆಗ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು: 68 ಕಾಲೇಜು ತಂಡ, ಒಂದು ಸಲ ಸೋತರೆ ಮನೆ. ನನ್ನ ಟೀಮಿನವನೊಬ್ಬ ತನ್ನ ಹಳೇ ಗೆಳೆಯನನ್ನು ಬೇರೆ ಊರಿಂದ ಕರೆಸಿಕೊಂಡು ಗುರುವಾರದಿಂದ ಭಾನುವಾರದವರೆಗೆ ಸೋಫಾ ಬಿಟ್ಟು ಏಳಲಿಲ್ಲ. ಒಂದು ದಿನ ನನ್ನನ್ನೂ ಕರೆದಿದ್ದ. ದೋಸ್ತನನ್ನು ಮನೆಗೆ ಕರೆದು ಹಿಂಗೊಂದು ವಾರಾಂತ್ಯ ಮಾಡಬೇಕು ಅನ್ನೋ ಐಡಿಯಾ ಅಲ್ಲಿಂದಲೇ ಬಂದದ್ದು ಅನ್ನಿ. ನಾನು ಗಮನಿಸಿದ್ದು ಬೇರೆ. ಮುಖ್ಯ ಕ್ಯಾಮೆರಾ ಎತ್ತರದಲ್ಲಿ ಪಕ್ಕಕ್ಕೆ ನಿಂತು ಹತ್ತೂ ಮಂದಿಯನ್ನು ತೋರಿಸ್ತಿತ್ತು. ತಡೆಯುವ ತಂಡ ಹೆಂಗೆ ನಿಂತಿದೆ ಅನ್ನುವುದಕ್ಕೆ ಹೆಸರುಗಳಿದ್ದವು: ಜೋನ್, ಮ್ಯಾನ್ ಟು ಮ್ಯಾನ್, ಫುಲ್ ಕೋರ್ಟ್ ಪ್ರೆಸ್. ಕಾಮೆಂಟರಿಯವನು ಆ ಹೆಸರು ಹಿಡಿದೇ ಮಾತಾಡ್ತಿದ್ದ. ಜನ ಕೂಡ ‘ಡಿ-ಫೆನ್ಸ್, ಡಿ-ಫೆನ್ಸ್’ ಅಂತ ಚಪ್ಪಾಳೆ ತಟ್ಟಿ ಕೂಗ್ತಿದ್ದರು. ತಡೆಯುವವರಿಗೆ ಕೂಗುವುದು! ಬುಲ್ಸ್ ಆಟಕ್ಕೆ ಕಂಠೀರವದಲ್ಲಿ ಕೂತಿದ್ದ ಒಂದು ಸಂಜೆ ರೈಡರ್‌ಗಳ ಹೆಸರು ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ಕಾರ್ನರ್‌ನ ಹೆಸರು ಕೂಗಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಶನಿವಾರ ಪಂದ್ಯ ಇಲ್ಲ. ಹಳೇದನ್ನು ಹಾಕಿದೆವು: 2019ರ ಜನವರಿ 5, ಮುಂಬೈ, ಆರನೇ ಸೀಸನ್ನಿನ ಫೈನಲ್. ಬುಲ್ಸ್ ಇವತ್ತಿನವರೆಗೆ ಗೆದ್ದ ಒಂದೇ ಕಪ್ಪು. ಅರ್ಧ ಆಟಕ್ಕೆ ಗುಜರಾತ್ 16, ನಾವು 9. ಕೊನೆಗೆ 38–33ಕ್ಕೆ ಗೆದ್ದೆವು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ. ಇದನ್ನು ‘ಪವನ್ ಒಬ್ಬನೇ ಗೆಲ್ಲಿಸಿದ ಫೈನಲ್’ ಅಂತಲೇ ಎಲ್ಲರೂ ನೆನಪಿಟ್ಟಿದ್ದಾರೆ. ಪವನ್‌ನ ಆಟವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆ ರಾತ್ರಿ ಅವನು ಆಡಿದ್ದನ್ನು ನೋಡಿ ಆರು ವರ್ಷದ ನಂತರವೂ ನಾವಿಬ್ಬರು ಎದ್ದು ನಿಂತೆವು, ಭಜಿ ತಟ್ಟೆ ಕೆಳಗೆ ಬಿತ್ತು.

ಆದರೆ ದೋಸ್ತ ಒಂದು ಮಾತು ಎತ್ತಿದ. ರೈಡರ್ ಔಟಾದರೆ ಹೊರಗೆ ಕೂರಬೇಕು. ಒಳಗೆ ಬರಬೇಕಾದರೆ ತಂಡಕ್ಕೆ ಅಂಕ ಬರಬೇಕು, ಅದೂ ಮೊದಲು ಹೊರಗೆ ಹೋದವನು ಮೊದಲು ಒಳಗೆ. ಎಂಥಾ ಪವನ್ ಇದ್ದರೂ ಬೆಂಚಿನ ಮೇಲೆ ಕೂತು ಅಂಕ ತರಲಿಕ್ಕಾಗದು. “ಯಾವನಾರ ಒಬ್ಬಂವ ಎದುರಿನವನ ಕಾಲ ಹಿಡದು ಮಲಗಿಸಿದ ಮ್ಯಾಲs ಇಂವ ಎದ್ದು ಬರೂದು. ಅಂವ ಯಾರು ಅಂತ ಬರಕೊಂಡಾರೇನು?” ಅಂತ ಕೇಳಿದ. ಬರೆದುಕೊಂಡಿರ್ತಾರೆ, ಹಿಡಿತದ ಅಂಕ ಅಂತ. ಆದರೆ ‘ಪವನ್‌ನನ್ನು ವಾಪಸ್ ತಂದದ್ದು’ ಅಂತ ಯಾವ ಕಾಲಮ್ಮೂ ಇಲ್ಲ. ನಾನು ದಿನಾ ಡೇಟಾಬೇಸ್ ಜೊತೆ ಗುದ್ದಾಡುವವನು. ಇದನ್ನು ಲೆಕ್ಕ ಹಾಕುವುದು ಒಂದು ಕ್ವೆರಿಯ ಕೆಲಸ. ಪ್ರತಿ ದಾಳಿಯ ಮಾಹಿತಿ ಸೆಕೆಂಡು ಸಮೇತ ಅವರ ಹತ್ತಿರ ಇದೆ. ಮುಖ್ಯ ರೈಡರ್ ಎಷ್ಟು ಹೊತ್ತು ಹೊರಗಿದ್ದ, ಅವನನ್ನು ಒಳಗೆ ತಂದ ಹಿಡಿತ ಯಾರದ್ದು ಅನ್ನುವುದನ್ನು ಪರದೆಯ ಮೇಲೆ ತೋರಿಸಲಿಕ್ಕೆ ಬರ್ತದೆ. ಅದರ ಬದಲು ಬರುವುದು ‘ಸೂಪರ್ ಟೆನ್’ ಚಿತ್ರ, ಬೆಂಕಿ ಸಮೇತ.

ಸೂಪರ್ ಟೆನ್ ಅಂದರೆ ಒಂದು ಪಂದ್ಯದಲ್ಲಿ 10 ರೈಡ್ ಅಂಕ. ಹಿಡಿಯುವವನಿಗೆ ಇರುವ ಗೌರವ ‘ಹೈ ಫೈವ್’, 5 ಹಿಡಿತದ ಅಂಕಕ್ಕೆ. ಅಂದರೆ ಹಿಡಿಯುವುದು ಎರಡು ಪಟ್ಟು ಕಷ್ಟ ಅಂತ ಇವರೇ ಒಪ್ಪಿಕೊಂಡಿದ್ದಾರೆ, ಆದರೆ ಬಾಯಿ ಬಿಟ್ಟು ಹೇಳುವುದಿಲ್ಲ. ಇನ್ನೂ ಒಂದಿದೆ. ರೈಡರ್ ಮೂವರನ್ನು ಮುಟ್ಟಿದರೆ ಮೂರು ಅಂಕ, ಮೂರೂ ಅವನ ಹೆಸರಿಗೆ. ಮೂವರು ಕೂಡಿ ಒಬ್ಬನನ್ನು ಹಿಡಿದರೆ ಒಂದು ಅಂಕ, ಅದೂ ಒಬ್ಬನ ಹೆಸರಿಗೆ. ಉಳಿದಿಬ್ಬರ ಮಂಡಿ ಕೆತ್ತಿದ್ದಷ್ಟೇ ಬಂತು. ನಮ್ಮ ಆಫೀಸುಗಳಲ್ಲಿ ರಾತ್ರಿಯಿಡೀ ಬಗ್ ಹುಡುಕಿದವರು ಮೂರು ಮಂದಿ, ಬೆಳಿಗ್ಗೆ ಕೋಡ್ ಕಮಿಟ್ ಮಾಡಿದವನ ಹೆಸರಿಗೆ ಮೇಲ್ ಬರ್ತದಲ್ಲ, ಹಂಗೇ ಇದು. ಅದಿರಲಿ, ಆಫೀಸಿನ ಸುದ್ದಿ ಇಲ್ಲಿ ಬ್ಯಾಡ.

ನಮ್ಮ ಕಡೆ ಜಾತ್ರೆಗಳಲ್ಲಿ ಮಣ್ಣಿನ ಮೇಲೆ ಆಡುವ ಕಬಡ್ಡಿ ನೋಡಿದವರಿಗೆ ಒಂದು ಗೊತ್ತಿರ್ತದೆ. ಅಲ್ಲಿ ಜನ ನಾಲ್ಕೂ ದಿಕ್ಕಿಗೆ ನಿಂತಿರ್ತಾರೆ. ಆಟ ಬಲ್ಲ ಹಿರಿಯರು ಹುಡುಕುವ ಜಾಗ ಹಿಂದಿನ ಗೆರೆ, ತಡೆಯುವವರ ಬೆನ್ನಿನ ಹಿಂದೆ. ಅಲ್ಲಿಂದ ನೋಡಿದರೆ ಆಟ ತಲೆಕೆಳಗಾಗ್ತದೆ. ದಾಳಿಗಾರ ನಿಮ್ಮ ಕಡೆಗೇ ಬರ್ತಾನೆ, ನಿಮ್ಮ ಮುಂದೆ ಏಳು ಬೆನ್ನು, ಕಟ್ಟಿದ ಕೈಗಳು, ಮಣ್ಣಿನಲ್ಲಿ ಒತ್ತಿ ನಿಂತ ಹಿಮ್ಮಡಿ. ಕಾರ್ನರ್ ಪಿಸುಗುಡುವುದು ಸಹ ಕೇಳ್ತದೆ. ಟಿವಿಯಲ್ಲಿ ನನಗೆ ಬೇಕಾಗಿರುವುದು ಆ ಮುದುಕರ ಜಾಗದಲ್ಲಿ ಒಂದು ಕ್ಯಾಮೆರಾ. ಈಗಿರುವ ಪಕ್ಕದ ಕ್ಯಾಮೆರಾ ಇರಲಿ. ಐದು ನಿಮಿಷಕ್ಕೆ ಒಂದು ರಿಪ್ಲೇಯಾದರೂ ಹಿಂದಿನಿಂದ ತೋರಿಸಿ, ಕೈಗಳ ಮೇಲೆ ಒಂದು ಗೆರೆ ಎಳೆದು ‘ಇವನು ಇವನನ್ನು ಬಿಟ್ಟ, ಅದಕ್ಕೆ ಇಲ್ಲಿ ದಾರಿ ಆಯ್ತು’ ಅಂತ ಹೇಳಿ. ಸಾಕು.

ಶಬ್ದದ ಮಾತೂ ಇದೆ. ನಮ್ಮವ್ವ ಶಾಲಿಯಾಗ ಹುತುತು ಆಡಿದಾಕಿ. ಶುಕ್ರವಾರ ಸ್ವಲ್ಪ ಹೊತ್ತು ಕೂತು ನೋಡಿ, “ಇವರು ದಮ್ ಹಿಡಿಯೂದs ಕೇಳಸೂದಿಲ್ಲಲ್ಲೋ” ಅಂದಳು. ಖರೆ. ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ದಾಳಿ ಮಾಡಬೇಕೆಂಬ ನಿಯಮ ಇವತ್ತಿಗೂ ಇದೆ. ಆದರೆ ಮೈದಾನದ ಡೊಳ್ಳು, ಡಿಜೆ, ಮೂರು ಕಾಮೆಂಟೇಟರ್‌ಗಳ ಗದ್ದಲದಲ್ಲಿ ಆ ದನಿ ಮುಳುಗಿ ಹೋಗಿದೆ. 30 ಸೆಕೆಂಡಿನ ಗಡಿಯಾರ ಬಂದ ಮೇಲೆ ಉಸಿರಿನ ಲೆಕ್ಕ ಯಾರಿಗೂ ಬೇಕಾಗಿಲ್ಲ. ಉಸಿರು ಸೋತದ್ದನ್ನು ಕಿವಿಯಿಂದ ಹಿಡಿದು, ಅದೇ ಕ್ಷಣಕ್ಕೆ ಮೇಲೆ ಬೀಳುತ್ತಿದ್ದ ಹಳೇ ಕಾಲದ ಮೂಲೆಯವರ ಜಾಣ್ಮೆಯೂ ಅದರ ಜೊತೆ ಹೋಯ್ತು. ಎರಡು ಸಲ ಬರಿಗೈಲೆ ಬಂದರೆ ಮೂರನೆಯದು ‘ಡು ಆರ್ ಡೈ’ ಅನ್ನುವ ನಿಯಮ ಮಾತ್ರ ನನಗೆ ಇಷ್ಟ. ಕಾಲಹರಣ ತಪ್ಪಿತು. ದೋಸ್ತನಿಗೆ ಅದೂ ಪೂರ್ತಿ ಒಪ್ಪಿಗೆ ಇಲ್ಲ. ಎರಡು ಸಲ ಬರಿಗೈಲೆ ಕಳಿಸಿದವರಿಗೆ ಏನೂ ಸಿಗಲಿಲ್ಲ, ಮೂರನೇ ಸಲ ಹಿಡಿದರಷ್ಟೇ ಅಂಕ, ಇದ್ಯಾವ ನ್ಯಾಯ ಅಂತ ಅವನ ವಾದ. ಈ ಜಗಳ ಶನಿವಾರ ಮಧ್ಯರಾತ್ರಿವರೆಗೆ ನಡೆದು ತೀರ್ಮಾನ ಆಗಲಿಲ್ಲ.

ಅವನು ಇಷ್ಟು ಬಿಸಿಯಾಗುವುದಕ್ಕೆ ಕಾರಣ ಇದೆ. ಡಿಗ್ರಿ ಮೊದಲ ವರ್ಷ ಒಂದು ಆಯ್ಕೆ ಶಿಬಿರಕ್ಕೆ ಹೋಗಿದ್ದ. ಆಗ ನಮ್ಮ ಕಡೆ ಕಬಡ್ಡಿ ಅಂದರೆ ಪೊಲೀಸ್ ಇಲ್ಲಾ ರೈಲ್ವೆ, ಕ್ರೀಡಾ ಕೋಟಾದ ನೌಕರಿ. ಅದಕ್ಕೆ ಬೇಕಾದದ್ದು ಮೇಲಿನ ಹಂತದ ಒಂದು ಸರ್ಟಿಫಿಕೇಟ್. ಮೂರು ದಿನ ಆಡಿಸಿದರು. ಕೊನೆಗೆ ಸ್ಕೋರ್ ಶೀಟ್ ನೋಡಿ ಹೆಸರು ಓದಿದರು. ಶೀಟಿನಲ್ಲಿ ಇವನ ಅಂಕ ಕಡಿಮೆ. ಯಾಕೆಂದರೆ ಇವನಿದ್ದ ಮೂಲೆಗೆ ರೈಡರ್‌ಗಳು ಎರಡನೇ ದಿನದಿಂದ ಬರುವುದನ್ನೇ ಬಿಟ್ಟಿದ್ದರು. ಬಾರದವನನ್ನು ಹಿಡಿಯುವುದು ಹೆಂಗ? ಇವನ ಜೊತೆ ಹೋಗಿದ್ದ ರೈಡರ್ ಆಯ್ಕೆಯಾದ, ಮುಂದೆ ಖಾಕಿಯನ್ನೂ ಹಾಕಿದ. ದೋಸ್ತ ಇದನ್ನು ಅಳುತ್ತಾ ಹೇಳುವವನಲ್ಲ. ಶೇಂಗಾ ಸುಲಿಯುತ್ತಾ, ಮಳೆ ಲೆಕ್ಕ ಹೇಳಿದ ಹಂಗೆ ಹೇಳಿದ. ಆದರೆ ಟಿವಿಯಲ್ಲಿ ‘ಎಂಪ್ಟಿ ರೈಡ್’ ಅಂದಾಗಲೆಲ್ಲ ಅವನ ದವಡೆ ಬಿಗಿಯುವುದನ್ನು ಮೂರು ದಿನ ನೋಡಿದೆ. ತೋರಿಸುವವರು ಏನನ್ನು ಎಣಿಸುತ್ತಾರೋ ಆಯ್ಕೆ ಮಾಡುವವರೂ ಅದನ್ನೇ ಎಣಿಸುತ್ತಾರೆ. ಟಿವಿ ನೋಡಿ ಆಟ ಕಲಿಯುವ ಇವತ್ತಿನ ಹುಡುಗರೂ ಹಂಗೇ. ನಮ್ಮೂರ ಶಾಲೆಯ ಮೈದಾನದಲ್ಲಿ ಸಂಜೆ ಹೋಗಿ ನೋಡಿ. ಎಲ್ಲರಿಗೂ ಡುಬ್ಕಿ ಹೊಡೆಯಬೇಕು. ಮೂಲೆಗೆ ನಿಲ್ಲಿಸಬೇಕಾದರೆ ಪಿ.ಟಿ. ಮಾಸ್ತರು ಗದರಿಸಬೇಕು.

ಭಾನುವಾರದ ಫೈನಲ್ ದೋಸ್ತನ ಪಾಲಿಗೆ ಹಬ್ಬ. ಪಟ್ನಾ ಕಡೆ ದೇವಾಂಕ್, ಆ ಸೀಸನ್ನಿನಲ್ಲಿ 300ಕ್ಕೂ ಹೆಚ್ಚು ರೈಡ್ ಅಂಕ ತಂದವನು. ಹರಿಯಾಣ ಕಡೆ ಎಡಗಡೆ ಮೂಲೆಯಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ, ಜೊತೆಗೆ ಜೈದೀಪ್, ರಾಹುಲ್ ಸೇತ್‌ಪಾಲ್. ಆಟ ಮುಗಿದಾಗ ಹರಿಯಾಣ 32, ಪಟ್ನಾ 23. ಹರಿಯಾಣದ ಮೊದಲ ಕಪ್ಪು. ದೇವಾಂಕ್‌ನನ್ನು ಕಟ್ಟಿಹಾಕಿದ್ದೇ ಆ ಗೆಲುವು. ಕೋಚ್ ಮನ್‌ಪ್ರೀತ್ ಸಿಂಗ್ ಹಿಂದೆ ಇದೇ ಪಟ್ನಾಕ್ಕೆ ನಾಯಕನಾಗಿ ಕಪ್ಪು ಗೆದ್ದವನು, ಅದು ಇನ್ನೊಂದು ಕತೆ.

ಶಾದ್ಲೂಯಿ ಬಗ್ಗೆ ಎರಡು ಮಾತು. 2022ರಲ್ಲಿ ಪಟ್ನಾಕ್ಕೆ ಆಡುವಾಗ ದೆಹಲಿಯ ಮೇಲೆ ಒಂದೇ ಪಂದ್ಯದಲ್ಲಿ 16 ಹಿಡಿತದ ಅಂಕ ತಂದವನು. ಅವನಿಗಿಂತ ಮೊದಲು ಫಜಲ್ ಅತ್ರಾಚಲಿ, ಅವನೂ ಇರಾನಿನವನು, ಅವನೂ ಎಡಗಡೆ ಮೂಲೆ. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಭಾರತವನ್ನು ಮನೆಗೆ ಕಳಿಸಿದ ತಂಡ ಅವರದ್ದು. ಇರಾನಿನಲ್ಲಿ ಕುಸ್ತಿ ಅಂದರೆ ಜೀವ. ಕಾಲು ಸಿಕ್ಕರೆ ಬಿಡಬಾರದು ಅನ್ನುವುದು ಅಲ್ಲಿನ ಮಕ್ಕಳಿಗೆ ಮೊದಲೇ ಬಂದಿರ್ತದೆ. “ಹಂಗಾರ ನಮ್ಮ ಕಡಿ ಗರಡಿಮನಿ ಏನ್ ಕಡಿಮಿ ಅದಾವೇನು?” ಅಂತ ದೋಸ್ತ ಕೇಳಿದ. ಈ ಕಡೆ ಕೊಲ್ಲಾಪುರ, ಆ ಕಡೆ ಬೆಳಗಾವಿ, ನಡುವೆ ನಾವು, ಊರಿಗೊಂದು ತಾಲೀಮು ಇದ್ದ ಸೀಮೆ. ಕೆಂಪು ಮಣ್ಣಿನಲ್ಲಿ ಪಟ್ಟು ಕಲಿತ ಹುಡುಗನನ್ನು ಕಬಡ್ಡಿಯ ಮೂಲೆಗೆ ತಂದು ನಿಲ್ಲಿಸುವ ಯೋಚನೆ ನಮ್ಮಲ್ಲಿ ಯಾರಿಗಾದರೂ ಬರಬೇಕೆಂದರೆ ಮೊದಲು ಆ ಮೂಲೆ ಕಣ್ಣಿಗೆ ಬೀಳಬೇಕು. ಆ ಫೈನಲ್ಲಿನ ಕಾಮೆಂಟರಿಯಲ್ಲಿ ಶಾದ್ಲೂಯಿ ಹೆಸರು ಬೇಕಾದಷ್ಟು ಸಲ ಬಂತು. ಆದರೆ ‘ಬಲಿಷ್ಠ’, ‘ಹುಲಿ’, ‘ಗೋಡೆ’ ಅಷ್ಟೇ. ಅವನು ಹಿಡಿಯುವ ಮೊದಲು ಒಂದು ಹೆಜ್ಜೆ ಹಿಂದೆ ಸರಿದು ರೈಡರ್‌ನನ್ನು ಒಳಗೆ ಕರೆಯುವುದನ್ನು ದೋಸ್ತ ನನಗೆ ಬೆರಳಿಟ್ಟು ನಾಲ್ಕು ಸಲ ತೋರಿಸಿದ. ಕನ್ನಡದ ಕಾಮೆಂಟೇಟರ್ ಒಂದು ಸಲವೂ ತೋರಿಸಲಿಲ್ಲ. ಹಳೇ ಆಟಗಾರರನ್ನು ಕೂರಿಸಿಕೊಂಡೂ ಬರೀ ಗುಣವಾಚಕ ಹೇಳಿಸುವುದು ಯಾಕೋ.

ಬಹುಮಾನ ಕೊಡುವುದನ್ನು ದೋಸ್ತ ನೋಡಲಿಲ್ಲ. ಹತ್ತೂವರೆಗೆ ತ್ರೀಫೇಸ್ ಕರೆಂಟಿನ ಪಾಳಿ ಇತ್ತು, ಕಡಿಯದೆ ಉಳಿಯುವ ಪಟ್ಟಿಗೆ ನೀರು ಹಾಯಿಸಬೇಕಿತ್ತು. ಗಾಡಿ ಹತ್ತಿ ಹೋದ.

2025ರ ಹರಾಜು ನಡೆದಾಗ ನಾನು ಬೆಂಗಳೂರಿನಲ್ಲಿದ್ದೆ. ಶಾದ್ಲೂಯಿಯನ್ನು ಗುಜರಾತ್ 2.23 ಕೋಟಿಗೆ ತಗೊಂಡಿತು, ಆ ಹರಾಜಿನ ಎಲ್ಲರಿಗಿಂತ ಜಾಸ್ತಿ. 300 ದಾಟಿದ ದೇವಾಂಕ್‌ಗಿಂತಲೂ ಸ್ವಲ್ಪ ಮೇಲೆ. ಕ್ಯಾಮೆರಾಕ್ಕೆ ಕಾಣದ್ದು ದುಡ್ಡು ಹಾಕುವವರಿಗೆ ಸರಿಯಾಗಿ ಕಂಡಿದೆ. ದೋಸ್ತನಿಗೆ ಸುದ್ದಿ ಕಳಿಸಿದೆ. ಸಂಜೆ ಫೋನ್ ಮಾಡಿದ. “ಎರಡ್ ಕೋಟಿ ಕೊಟ್ಟಾರಂದ್ರ ಈ ಸಲರೆ ಅವನ ಕೈ ತೋರಸ್ತಾರೇನಲೇ?” ಅಂತ ಕೇಳಿ, ಕಾರ್ಖಾನೆಯವರು ಬಿಲ್ಲು ಇನ್ನೂ ಹಾಕಿಲ್ಲ ಅನ್ನುವ ಮಾತಿಗೆ ಹೋದ.